ಸಾವಿರ ಮೀಟರಿನ ಮೇಲಿನ ಅಳಿಯ

ಕೇಬಲ್ ಕಾರು ಬಾಗಿಲು ಮುಚ್ಚಿಕೊಂಡು, ಒದ್ದೆ ಕೈಗವಸಿನ ವಾಸನೆಯ ಜೊತೆಗೆ ಐದು ಜನರನ್ನು ಹೊತ್ತು ಬೆಟ್ಟದತ್ತ ತೇಲಿತು.

"ಹಾಸ್ಲಿಂಗರ್ ಅವರೇ, ತಾವು ಬೇಸರ ಮಾಡಿಕೊಳ್ಳದಿದ್ದರೆ ಒಂದು ಮಾತು. ನಿಮ್ಮ ಸ್ಕೀ ಕೋಲು ನನ್ನ ಮಂಡಿಗೆ ಚುಚ್ಚುತ್ತಿದೆ," ಎಂದರು ಹೋಫ್ರಾಟ್ ಎಗೋನ್. ಹೋಫ್ರಾಟ್ ಅನ್ನುವುದು ಸರ್ಕಾರ ಕೊಟ್ಟ ಬಿರುದು. ವಿಯೆನ್ನಾದ ಕಚೇರಿಯಿಂದ ನಿವೃತ್ತರಾದರೂ ಅದನ್ನು ಅವರು ನಿದ್ದೆಯಲ್ಲೂ ಕಳಚುತ್ತಿರಲಿಲ್ಲ.

"ಕ್ಷಮಿಸಿ, ಹೋಫ್ರಾಟ್ ಅವರೇ," ಎಂದು ವೆಂಡಲಿನ್ ಹಾಸ್ಲಿಂಗರ್ ಕೋಲನ್ನು ಎಳೆದುಕೊಂಡ. ಲಿಂಟ್ಸ್ ಊರಲ್ಲಿ ಕಾರು ಕಲಿಸುವ ಮೇಷ್ಟ್ರು ಅವನು. ಹೋಫ್ರಾಟರ ಮಗಳು ಗೆರ್ಲಿಂಡಳನ್ನು ಮದುವೆಯಾಗಿ ಎಂಟು ವರ್ಷ ಕಳೆದಿತ್ತು.

ಕಂಬವೊಂದು ಹತ್ತಿರ ಬಂತು. ಅದರ ಮೇಲಿನ ಹಳದಿ ಹಲಗೆಯಲ್ಲಿ ದಪ್ಪ ಅಕ್ಷರದಲ್ಲಿ 'ಸಾವಿರ ಮೀಟರ್' ಎಂದು ಬರೆದಿತ್ತು. ಕಾರು ಅದನ್ನು ದಾಟಿತೋ ಇಲ್ಲವೋ, ಹೋಫ್ರಾಟರ ದನಿಯೇ ಬದಲಾಯಿತು.

"ಲೋ ವೆಂಡಲಿನ್, ಮತ್ತೆ ಚುಚ್ಚಿದೆಯಲ್ಲೋ! ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯಾ?"

ವೆಂಡಲಿನ್‌ನ ಮುಖ ಅರಳಿತು. "ತಗೊಂಡೆ ತಗೊಂಡೆ, ಎಗೋನ್!"

ಆ ಬೆಟ್ಟದ ಸೀಮೆಯ ಪದ್ಧತಿಯೇ ಹಾಗೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ದಾಟಿದರೆ ಮಂತ್ರಿಯೂ ನೀನು, ಮಾಣಿಯೂ ನೀನು. ಕೆಳಗೆ ಮಾತ್ರ ನೀವು. ನೀವು ಅಂದರೆ ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿಸಿದ ಹಾಗೆ, ನೀನು ಅಂದರೆ ಅಡುಗೆಮನೆಗೇ ಕರೆದು ಕೂರಿಸಿದ ಹಾಗೆ. ಹೊಸ್ತಿಲು ದಾಟಿಸಬೇಕಾದವರು ಹಿರಿಯರು. ಕಿರಿಯರು ಬಾಯಿಬಿಟ್ಟು ಕೇಳುವಂತಿಲ್ಲ. ಅತ್ತೆ ಒಟ್ಟಿಲಿಯೆ ಮದುವೆಯ ದಿನವೇ "ನೀನು ಅನ್ನಪ್ಪ" ಎಂದು ಮುಗಿಸಿಬಿಟ್ಟಿದ್ದರು. ಹೋಫ್ರಾಟರು ಮಾತ್ರ "ನೋಡೋಣ" ಎಂದಿದ್ದರು. ಆ ನೋಡುವುದು ಇನ್ನೂ ನಡೆದೇ ಇತ್ತು.

ವೆಂಡಲಿನ್ ಇದನ್ನು ಹೇಗೋ ನುಂಗಿಕೊಂಡಿದ್ದ. ಆದರೆ ಮೊನ್ನೆ ಈಸ್ಟರ್ ಮೊಟ್ಟೆಗೆ ಬಣ್ಣ ಹಚ್ಚುತ್ತಾ ಮಗಳು ವ್ರೋನಿ ಕೇಳಿದ್ದಳು: "ಅಪ್ಪಾ, ತಾತ ನಿನ್ನನ್ನ ಪೋಸ್ಟ್‌ಮನ್ ತರ ಯಾಕೆ ಮಾತಾಡಿಸ್ತಾನೆ? ನೀನು ನಮ್ಮ ಮನೆಯವನಲ್ವಾ?"

ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. ಈ ವಾರ ಮುಗಿಯುವುದರೊಳಗೆ ಕೆಳಗಿನ ನೆಲದ ಮೇಲೆ ಮಾವನ ಬಾಯಿಂದ ಒಂದು 'ನೀನು' ಪಡೆದೇ ತೀರಬೇಕೆಂದು ನಿಶ್ಚಯಿಸಿದ.

ಮೇಲೆ ಎಲ್ಲವೂ ಚೆನ್ನಾಗಿತ್ತು. ಬೆಟ್ಟದ ನೆತ್ತಿಯ ಮರದ ಹೋಟೆಲಿನಲ್ಲಿ ಪ್ಲಮ್ ಗೊಜ್ಜು ಸುರಿದ ಸಿಹಿ ಮೊಟ್ಟೆದೋಸೆಯನ್ನು ಮಾವ ಅಳಿಯ ಒಂದೇ ಬಾಣಲೆಯಿಂದ ಕೆರೆದು ತಿಂದರು. "ನಿನ್ನ ಕಡೆ ಜಾಸ್ತಿ ಇದೆ, ಕಳ್ಳ!" ಎಂದು ಹೋಫ್ರಾಟರು ಚಮಚದಿಂದ ಅವನ ಕೈಗೆ ಹೊಡೆದದ್ದೂ ಆಯಿತು. ಇಳಿಯುವಾಗ ಒಳ್ಳೆಯ ಹುಮ್ಮಸ್ಸಿನಲ್ಲಿ ಶುರುಮಾಡಿದರು:

"ಕೇಳೋ ವೆಂಡಲಿನ್, ನಿನ್ನ ಹೆಂಡತಿ ಚಿಕ್ಕೋಳಿದ್ದಾಗ ಒಂದು ದಿನ ನಮ್ಮ ಬೆಕ್ಕಿಗೆ ನನ್ನ ರೇಷ್ಮೆ ಟೈ ಕಟ್ಟಿ, ಅದನ್ನ ಸೀದಾ ನನ್ನ ಕಚೇರಿಗೆ..."

ಹಳದಿ ಹಲಗೆ ಮೇಲಕ್ಕೆ ಸರಿದು ಹೋಯಿತು.

"...ಅದು ಮನೆಯ ವಿಷಯ. ತಮಗೆ ಬೇಸರ ತರಿಸುವುದು ಬೇಡ, ಹಾಸ್ಲಿಂಗರ್ ಅವರೇ."

ಬೆಕ್ಕು ಕಚೇರಿಯಲ್ಲಿ ಏನು ಮಾಡಿತೆಂದು ತಿಳಿಯಲು ಅವನು ಮಾರನೆಯ ಬೆಳಗಿನವರೆಗೆ ಕಾಯಬೇಕಾಯಿತು. ವಾರವಿಡೀ ಇದೇ ಪಾಡು. ರಾತ್ರಿ ಕೆಳಗೆ ತಾವು ತಂಗಿದ್ದ ಹೋಟೆಲಿನಲ್ಲಿ ಹೆಂಡತಿ ನಗುತ್ತಿದ್ದಳು. "ಬಿಡೋ ಮಾರಾಯ, ಅಪ್ಪ ನನ್ನನ್ನೇ 'ನೀನು' ಅಂತಿರೋದು ನಾನು ಹುಟ್ಟುವಾಗ ಅರ್ಜಿ ಹಾಕಿರಲಿಲ್ಲ ಅಂತ. ಹಾಕಿದ್ದರೆ ಇವತ್ತಿಗೂ 'ನೋಡೋಣ' ಅಂತಿದ್ದ."

ಕೊನೆಯ ದಿನ ಬಿಸಿಲು ಜೋರಾಗಿ, ಕೆಳಗಿನ ಹಿಮ ನೀರು ಬೆರೆಸಿದ ಸಕ್ಕರೆಯಂತಾಗಿತ್ತು. ಹೆಂಗಸರು ಇಳಿಯಲು ಮಗುವಿನೊಂದಿಗೆ ಕೇಬಲ್ ಕಾರು ಹತ್ತಿದರು. ಹೋಫ್ರಾಟರು ಹತ್ತಲೊಲ್ಲರು.

"ಕಾಲಲ್ಲಿ ಸ್ಕೀ ಇರೋವಾಗ ಡಬ್ಬಿಯೊಳಗೆ ಕೂತು ಇಳಿಯೋನು ನಾನಲ್ಲ."

"ಎಗೋನ್, ನಿನ್ನ ಪ್ಯಾಂಟು ನಮ್ಮ ಮದುವೆಗಿಂತ ಹಳೇದು, ಹಿಮ ಅದಕ್ಕಿಂತ ಹಳೇದು," ಎಂದರು ಒಟ್ಟಿಲಿಯೆ. "ವೆಂಡಲಿನ್, ನೀನಾದರೂ ಜೊತೆಗೆ ಹೋಗಪ್ಪ."

ಹೊರಟರು. ಹೋಫ್ರಾಟರು ಮುಂದೆ, ಬೆನ್ನು ನೆಟ್ಟಗೆ, ಹಳೆಯ ಕಾಲದ ಶೈಲಿ. ಇಳಿಜಾರಿನ ಪಕ್ಕದಲ್ಲೂ ಒಂದು 'ಸಾವಿರ ಮೀಟರ್' ಹಲಗೆ ನೆಟ್ಟಿದ್ದರು. ಸರಿಯಾಗಿ ಅದರ ಬುಡದಲ್ಲಿ ಹಿಮ ಬಾಯ್ತೆರೆಯಿತು. ಹೋಫ್ರಾಟರು ಪಲ್ಟಿ ಹೊಡೆದು ತಲೆ ಕೆಳಮುಖವಾಗಿ, ಕಾಲು ಮೇಲ್ಮುಖವಾಗಿ ಹೂತುಕೊಂಡರು.

"ಎಗೋನ್! ಪೆಟ್ಟಾಯ್ತಾ ನಿನಗೆ?"

ಹಿಮದೊಳಗಿಂದ ಗಂಭೀರ ದನಿ ಬಂತು. "ಹಾಸ್ಲಿಂಗರ್ ಅವರೇ, ದಯವಿಟ್ಟು ಗಮನಿಸಿ. ನನ್ನ ತಲೆ ಹಲಗೆಯಿಂದ ಕೆಳಗಿದೆ."

"ಕಾಲು ಮೇಲಿದೆಯಲ್ಲ?"

"ಮಾತಾಡುವುದು ಕಾಲಲ್ಲ."

ವೆಂಡಲಿನ್ ತಲೆ ಕೆರೆದುಕೊಂಡ. "ಹಾಗಾದ್ರೆ, ಹೋಫ್ರಾಟ್ ಅವರೇ, ನೀವು ಉಸಿರು ಬಿಗಿಹಿಡೀರಿ," ಎಂದು ತಲೆಯ ಕಡೆಗೆ ಹೇಳಿದ. ಬಳಿಕ ಬೂಟುಗಳ ಕಡೆ ತಿರುಗಿ, "ನೀನು ಒದೀಬೇಡ!" ಎಂದ. ಸ್ಕೀ ಬಿಡಿಸಿ, ಪ್ಯಾಂಟಿನ ಎರಡೂ ಕಾಲು ಹಿಡಿದು, ದಮ್ಮು ಕಟ್ಟಿ ಎಳೆದ.

ಪ್ಯಾಂಟು ಬಂತು. ಪಾದದಿಂದ ಸೊಂಟದವರೆಗೆ ಹೊಲಿಗೆ ಬಿಚ್ಚಿಕೊಂಡು ಸಲೀಸಾಗಿ ಬಂತು. ಹೋಫ್ರಾಟರು ಬರಲಿಲ್ಲ. ಕೆಂಪು ಉಣ್ಣೆಯ ಒಳಚಡ್ಡಿಯಲ್ಲಿ ಎರಡು ಉದ್ದ ಕಾಲುಗಳು ಆಕಾಶ ನೋಡುತ್ತಾ ನಿಂತವು.

ಎರಡನೆಯ ಸಲ ಸೊಂಟಕ್ಕೇ ಕೈಹಾಕಿ ಎಳೆದಾಗ ಒಳಗಿದ್ದವರೂ ಹೊರಬಂದರು. ಇಬ್ಬರೂ ಒಟ್ಟಿಗೆ ಉರುಳಿ ಹಲಗೆಯಿಂದ ಎಷ್ಟೋ ಕೆಳಗೆ ಹೋಗಿ ಕೂತರು. ಹೋಫ್ರಾಟರು ಕಿವಿಯಿಂದ ಹಿಮ ತೆಗೆದುಕೊಂಡು, "ಉಪಕಾರವಾಯಿತು," ಎಂದಷ್ಟೇ ಹೇಳಿದರು. ವೆಂಡಲಿನ್ ತನ್ನ ಪ್ಯಾಂಟು ಬಿಚ್ಚಿಕೊಟ್ಟರೂ ಅದು ಮಾವನ ತೊಡೆ ದಾಟಿ ಏರಲಿಲ್ಲ. ಕೊನೆಗೆ ತನ್ನ ಜಾಕೆಟ್ಟಿನ ತೋಳುಗಳನ್ನು ಅವರ ಸೊಂಟದ ಹಿಂದೆ ಗಂಟು ಹಾಕಿ ಲಂಗದಂತೆ ಕಟ್ಟಿದ. ಸ್ಕೀ ಹೆಗಲಿಗೇರಿಸಿ ನಡೆದರು.

ಹೋಟೆಲಿನ ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಊರಿಗೂರೇ ಕೂತಿತ್ತು. ಹೋಫ್ರಾಟರು ಯಾರನ್ನೂ ನೋಡದೆ, ಸಭೆಗೆ ಪ್ರವೇಶಿಸುವವರಂತೆ ನಡುವಿನ ದಾರಿಯಲ್ಲಿ ನಡೆದರು. ಹಿಂದಿನಿಂದ ವೆಂಡಲಿನ್. ಗಂಟಿನ ಕೊನೆಯ ತೋಳೊಂದು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಹೆಗಲ ಮೇಲೆ ನಾಲ್ಕು ಸ್ಕೀ ಹೊತ್ತವನಿಗೆ ಅದು ಕಾಣಬೇಕೆಲ್ಲಿ? ಅದರ ಮೇಲೆಯೇ ಬೂಟು ಊರಿದ.

ಜಾಕೆಟ್ಟು ನೆಲ ಸೇರಿತು.

"ವೆಂಡಲಿನ್!" ಹೋಫ್ರಾಟರ ಗರ್ಜನೆಗೆ ಬಿಯರ್ ಲೋಟಗಳು ಗಾಳಿಯಲ್ಲೇ ನಿಂತವು. "ಕಣ್ಣಿಲ್ವೇನೋ ನಿನಗೆ? ಮೇಲೆ ಪ್ಯಾಂಟು ಕಿತ್ತೆ, ಇಲ್ಲಿ ಮಾನ ಕಿತ್ತೆ! ನೀನೇನು ಅಳಿಯನೋ, ಬಟ್ಟೆ ಬಿಚ್ಚೋ ಯಂತ್ರವೋ?"

ಹೋಟೆಲಿನ ಗೋಡೆಯ ಮೇಲೆ ಹೆಸರಿನ ಕೆಳಗೆ ದೊಡ್ಡದಾಗಿ ಎತ್ತರ ಬರೆದಿತ್ತು, ಸಾವಿರಕ್ಕೆ ಎಂಬತ್ತು ಕಡಿಮೆ. ಹೋಫ್ರಾಟರ ಕಣ್ಣು ಅದರ ಮೇಲೆ ಬಿತ್ತು. ಕೆಂಪು ಚಡ್ಡಿಯ ಬಣ್ಣವೇ ಮುಖಕ್ಕೆ ಏರಿತು.

"ಅಂದೇಬಿಟ್ಟೆ, ಎಗೋನ್!" ಎಂದು ಮೇಜಿನಿಂದ ಒಟ್ಟಿಲಿಯೆ ಚಪ್ಪಾಳೆ ತಟ್ಟಿದರು.

"ಅದು ಬೈಗುಳ. ಬೈಗುಳ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿದೆ ಹೋಫ್ರಾಟ್ ಅವರೇ! ನಾವೆಲ್ಲ ಕೇಳಿದ್ದೀವಿ!" ಎಂದು ಪಕ್ಕದ ಮೇಜಿನ ದಪ್ಪ ಮೀಸೆಯವನೊಬ್ಬ ಕೂಗಿದ.

ಇಷ್ಟು ದಿನ ಬಯಸಿದ್ದು ಕೈಗೆ ಸಿಕ್ಕಿತ್ತು. ಆದರೆ ನಡುಅಂಗಳದಲ್ಲಿ ಒಳಚಡ್ಡಿಯಲ್ಲಿ ನಿಂತ ಮುದುಕರನ್ನು ನೋಡಿ ವೆಂಡಲಿನ್‌ಗೆ ಅದನ್ನು ಮುಷ್ಟಿಯಲ್ಲಿ ಹಿಡಿಯಲು ಮನಸ್ಸಾಗಲಿಲ್ಲ. ಸ್ಕೀಗಳನ್ನು ಕೆಳಗಿಟ್ಟು, ಮಂಡಿಯೂರಿ, ಜಾಕೆಟ್ಟನ್ನು ಮತ್ತೆ ಕಟ್ಟಿದ.

"ಬಾಯ್ತಪ್ಪಿ ಬಂತು ಅಷ್ಟೆ. ನಾನು ಕೇಳಿಸ್ಕೊಂಡಿಲ್ಲ, ಹೋಫ್ರಾಟ್ ಅವರೇ."

ಹೋಫ್ರಾಟರು ಬಗ್ಗಿ ಅವನ ನೆತ್ತಿಯನ್ನೇ ನೋಡಿದರು. ಗಂಟಲು ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು.

"ಕೇಳಿಸ್ಕೊಂಡಿಲ್ಲ ಅಂದ್ರೆ ನಿನ್ನ ಕಿವಿನೂ ಸರಿಯಿಲ್ಲ," ಎಂದರು. "ಏಳು ಮೇಲೆ." ಪರಿಚಾರಿಕೆಯ ಕಡೆ ಎರಡು ಬೆರಳೆತ್ತಿದರು. ಪೇರ್ ಹಣ್ಣಿನ ಸಾರಾಯಿ ಶ್ನಾಪ್ಸ್ ತುಂಬಿದ ಎರಡು ಪುಟ್ಟ ಗ್ಲಾಸು ಬಂದವು. 'ನೀವು' ಬಿಟ್ಟು 'ನೀನು' ಹಿಡಿಯುವವರ ಪದ್ಧತಿಯ ಪ್ರಕಾರ ಇಬ್ಬರೂ ಮೊಣಕೈಗೆ ಮೊಣಕೈ ಕೊಂಡಿ ಹಾಕಿದರು.

"ಎಗೋನ್," ಎಂದರು ಹೋಫ್ರಾಟರು, ಯಾರೋ ಹೊಸಬರಿಗೆ ಪರಿಚಯ ಮಾಡಿಕೊಳ್ಳುವವರಂತೆ.

"ವೆಂಡಲಿನ್," ಎಂದ ಅಳಿಯ. "ನೀವು... ನೀ..."

"ಜೋರಾಗಿ ಹೇಳೋ!"

"ಎಗೋನ್, ನಿನ್ನ ಜಾಕೆಟ್ಟು ಮತ್ತೆ ಬಿತ್ತು."

"ಬಿದ್ದಿರಲಿ ಬಿಡೋ," ಎಂದರು ಎಗೋನ್. "ಮೊದಲು ಕುಡಿ ನೀನು."