ಸೇವಂತಿಗೆಯ ಕಿಟಕಿ

"ಒಂದೂ ನೆಲುಕ್ ಬೀಳಾಕ್ ಬುಡ್ನಿಲ್ಲ ಮೇಡಂ, ಎಲ್ಲಾ ಮ್ಯಾಲೇ ಹಿಡ್ಕಂಡೋ!"

ಹೀಗೆಂದು ಹುಡುಗ ಕದರ ತನ್ನ ಅಂಗಿಯ ಮಡಿಲನ್ನು ಚಾಪೆಯ ಮೇಲೆ ಕೊಡವಿದಾಗ, ಸ್ಟೂಲಿನ ಮೇಲೆ ನಿಂತು ಕಿಟಕಿಯ ಸರಳು ಒರೆಸುತ್ತಿದ್ದ ಅಂಬುಜಮ್ಮ ಕೆಳಗೆ ಬೀಳುವುದೊಂದು ಬಾಕಿ. ಅವನ ಹಿಂದೆ ಶಿಶುವಿಹಾರದ ಉಳಿದ ಮಕ್ಕಳೂ ಬಂದು ಕೊಡವಿದವು. ಲಂಗದಲ್ಲಿ, ಟೋಪಿಯಲ್ಲಿ, ಚಡ್ಡಿಯ ಜೇಬಿನಲ್ಲಿ ಹಳದಿ ಸೇವಂತಿಗೆ, ಕೇಸರಿ ಚೆಂಡುಹೂವು. ಗುಬ್ಬಿ ಊರಾದ ಮೇಲೆ ಅಷ್ಟು ಹೂವು ಒಂದು ಕಡೆ ಬಿದ್ದದ್ದಿಲ್ಲ. ಕಣ್ಣಿಲ್ಲದವನು ರೈಲಿಳಿದರೂ ಮೂಗಿನ ಜಾಡು ಹಿಡಿದು ನೇರ ಆ ಕೋಣೆಗೆ ಬಂದು ನಿಲ್ಲಬಹುದಿತ್ತು.

"ಯಾರ ತೋಟ ಲೂಟಿ ಮಾಡಿದ್ರೋ?" ಎಂದಳು ಅಂಬುಜಮ್ಮ.

"ದಾರೀಲ್ ಸಿಕ್ತು!" ಎಂದಿತು ಇಡೀ ಹಿಂಡು ಒಂದೇ ಗಂಟಲಲ್ಲಿ.

ಅವಳು ಮುಂದೆ ಕೇಳಲಿಲ್ಲ. "ನಾಳೆ ಬರುವಾಗ ದಾರೀಲಿ ಎಲ್ಲಿ ಹೂವು ಕಂಡ್ರೂ ಬಿಡಬೇಡಿ" ಎಂದು ಹಿಂದಿನ ಸಂಜೆ ಹೇಳಿ ಕಳಿಸಿದ್ದವಳು ಅವಳೇ. ಮಕ್ಕಳು ಹೇಳಿದ ಮಾತು ಕೇಳಿದ್ದು ಪ್ರಪಂಚದಲ್ಲಿ ಅದೇ ಮೊದಲು, ಅದನ್ನು ಪ್ರಶ್ನಿಸುವುದುಂಟೇ? ಜೊತೆಗೆ ಹೊತ್ತೂ ಇರಲಿಲ್ಲ. ಮಧ್ಯಾಹ್ನಕ್ಕೆ ಅಲಮೇಲಮ್ಮ ಬರುವವರಿದ್ದರು.

ಅಲಮೇಲಮ್ಮ ಎಂದರೆ ತುಮಕೂರಿನ ಮಹಿಳಾ ಮಂಡಳಿಯ ಅಧ್ಯಕ್ಷೆ, ಶಿರಾ ಗೇಟಿನ ಹತ್ತಿರದ ದೊಡ್ಡ ಮನೆಯ ವಕೀಲ ಪಟ್ಟಾಭಿರಾಮಯ್ಯನವರ ಹೆಂಡತಿ. ಮಡಿಯಲ್ಲಿ ಅವರನ್ನು ಮೀರಿಸಿದವರು ಮೂರು ಲೋಕದಲ್ಲಿಲ್ಲ. ಮಳೆ ಬಂದರೆ, ಮೋಡ ಯಾವ ಕೇರಿಯ ಮೇಲಿಂದ ಬಂತು ಎಂದು ವಿಚಾರಿಸಿಯೇ ಅಂಗಳಕ್ಕೆ ಹಂಡೆ ಇಡಿಸುವವರು. ಗುಬ್ಬಿಯ ಶಿಶುವಿಹಾರವನ್ನು ನಡೆಸುತ್ತಿದ್ದದ್ದು ಅವರ ಮಂಡಳಿ. ಈಗ ಕುಣಿಗಲ್‌ನ ಹೆಂಗಸರು ತಮಗೂ ಒಂದು ಬೇಕೆಂದು ಹಟ ಹಿಡಿದಿದ್ದರು. ಎರಡು ನಡೆಸುವ ಶಕ್ತಿ ಮಂಡಳಿಗಿರಲಿಲ್ಲ. ಕುಣಿಗಲ್‌ನಲ್ಲಿ ನಾಲ್ಕು ಕಿಟಕಿಯ ಹಾಲು, ಉಯ್ಯಾಲೆ, ಬಾವಿ. ಗುಬ್ಬಿಯಲ್ಲಿ ಎಣ್ಣೆ ಗಾಣದ ಹಿಂದಿನ ಒಂದು ಕೋಣೆ, ಅದಕ್ಕೊಂದೇ ಕಿಟಕಿ. ಶಿಶುವಿಹಾರ ಎಲ್ಲಿರಬೇಕೆಂದು ಅಲಮೇಲಮ್ಮ ಇವತ್ತು ಕಣ್ಣಾರೆ ನೋಡಿ ಹೇಳುವವರು.

ಅದು ಕುಣಿಗಲ್‌ಗೆ ಹೋದರೆ ಅಂಬುಜಮ್ಮ ಹಿಂದೆ ಹೋಗುವಂತಿರಲಿಲ್ಲ. ಮನೆಯಲ್ಲಿ ಗಂಡ ಸುಬ್ಬಕೃಷ್ಣ ಉಸಿರಾಡುವುದನ್ನೇ ಉದ್ಯೋಗ ಮಾಡಿಕೊಂಡ ಉಬ್ಬಸದ ಮನುಷ್ಯ. ಅವನು ಕೆಮ್ಮಿದರೆ ಮೈಲಿಗಳಾಚೆಯ ನಿಟ್ಟೂರಿನಲ್ಲಿ ಎತ್ತು ಬೆದರುತ್ತಿತ್ತು. ಅವಳ ಸಂಬಳದಿಂದಲೇ ಒಲೆ ಉರಿಯಬೇಕು. ಹಾಗಾಗಿ ಅವಳ ಕೈಯಲ್ಲಿದ್ದದ್ದು ಆ ಒಂದು ಕಿಟಕಿ.

ಆದರೆ ಎಂಥ ಕಿಟಕಿ! ಯುಗಾದಿಗೆ ಬೇವಿನ ಹೂವು, ಶ್ರಾವಣಕ್ಕೆ ಪಾರಿಜಾತ, ಹೀಗೆ ಕಾಲಕಾಲಕ್ಕೆ ಅದಕ್ಕೆ ಮಕ್ಕಳ ಕೈಯಿಂದಲೇ ಹೂವಿನ ಜಾಲರಿ ಕಟ್ಟಿಸುತ್ತಿದ್ದಳು. ಅದನ್ನು ನೋಡಲೆಂದೇ ಗುಬ್ಬಿಯಲ್ಲಿ ರೈಲು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಎಂಜಿನ್ನು ನೀರು ಕುಡಿಯಲು ನಿಲ್ಲುತ್ತದೆ ಎಂಬುದು ಹೊಟ್ಟೆಕಿಚ್ಚಿನವರ ಮಾತು.

ದೀಪಾವಳಿ ಹತ್ತಿರವಿತ್ತು. ಮಕ್ಕಳು ಸುತ್ತ ಕೂತು ತೆಂಗಿನಗರಿಯ ಕಡ್ಡಿಗೆ ಹೂವು ಪೋಣಿಸತೊಡಗಿದವು. ಗಂಟು ಹಾಕಲು ಬಾರದ ಬೆರಳುಗಳಿಗೆ ಅದೇ ಸುಲಭ: ಹೂವಿನ ತೊಟ್ಟಿನ ಹತ್ತಿರ ಚುಚ್ಚಿ ಮುಂದಕ್ಕೆ ತಳ್ಳುವುದು. ತುಂಬಿದ ಕಡ್ಡಿಯನ್ನು ಅಂಬುಜಮ್ಮ ಸರಳುಗಳಿಗೆ ಅಡ್ಡಲಾಗಿಟ್ಟು, ನೆನೆಸಿದ ಬಾಳೆನಾರಿನಿಂದ ಬಿಗಿಯುತ್ತಿದ್ದಳು. ಒಂದು ಸಾಲು ಹಳದಿ, ಒಂದು ಸಾಲು ಕೇಸರಿ, ನಡುವೆ ಬೆಳಕು ಬರುವಷ್ಟು ಸಂದು.

"ಲೇ ಕದರ, ಹೂವುಕ್ ಚುಚ್ಚೋ ಅಂದ್ರೆ ನನ್ ಕೈಗ್ ಚುಚ್ತೀಯಲ್ಲೋ!"

"ನಿನ್ ಕೈ ಹೂವಿನಂಗೈತೆ ಕಣೇ, ಗೊತ್ತಾಗ್ನಿಲ್ಲ."

"ಮೇಡಂ, ಇವನ್ ನೋಡಿ ಮೇಡಂ!"

ರೇವ ಮಾತ್ರ ಯಾರ ಜೊತೆಗೂ ಜಗಳಕ್ಕಿಳಿಯದೆ ದೊಡ್ಡ ಹೂವುಗಳನ್ನೇ ಆರಿಸಿ ಒಂದೇ ಕಡ್ಡಿಗೆ ಪೋಣಿಸುತ್ತಿದ್ದಳು. ದಿನವೂ ಅಜ್ಜಿ ಚಿಕ್ಕಮಾರಮ್ಮನ ಸೊಂಟವೇರಿ ಬರುವ ಹುಡುಗಿ ಅವಳು. ಇವತ್ತು ಉಳಿದವರ ಜೊತೆ ನಡೆದೇ ಬಂದಿದ್ದಳು.

ಕೊನೆಯ ಕಡ್ಡಿ ಬಿಗಿಯುವಾಗಲೇ ಗುಬ್ಬಚ್ಚಿಗಳು ಬಂದವು. ಊರಿನ ಹೆಸರು ಉಳಿಸಬೇಕೆಂಬಂತೆ ಇಡೀ ತಾಲ್ಲೂಕಿನವೇ ಬಂದವು. ಹೂವಿನ ಮೇಲೆ ಕೂತು ಕುಕ್ಕಿದವು. ಅಂಬುಜಮ್ಮ ಹುಶ್ ಹುಶ್ ಎಂದು ಓಡಿಸಿ, ಹೂವಿನಲ್ಲಿ ಅದೇನಿದೆ ಎಂದು ಬಗ್ಗಿ ನೋಡಿದರೆ ಎಸಳುಗಳ ನಡುವೆ ಪುರಿ.

ಅದೇ ಹೊತ್ತಿಗೆ ಕಾಫಿಗೆ ಹಾಲು ತರಲು ಹೋಗಿದ್ದ ಆಯಾ ನಿಂಗಮ್ಮ ಒಳಗೆ ಬಂದವಳು ಕಿಟಕಿ ನೋಡಿ ನಿಂತಲ್ಲೇ ನಿಂತಳು.

"ಅಯ್ಯೋ ನಮ್ಮವ್ವ! ಈ ಹೂವು ಎಲ್ಲಿದ್ದು ಅಮ್ಮಾವ್ರೆ?"

"ಮಕ್ಕಳು ತಂದಿದ್ದು ಕಣೇ. ಯಾಕೆ?"

"ಯಾಕಾ? ಇದು ಚಿಕ್ಕಮಾರಮ್ಮನ್ ಮ್ಯಾಲೆ ಎರಚಿದ್ದು! ರಾತ್ರೆ ಹೋಗ್ಬುಟ್ಲು ಮುದುಕಿ. ಬೆಳಿಗ್ಗೆ ತಮಟೆ ಬಡ್ಕಂಡು ಹೂವು ಪುರಿ ಎರಚ್ಕಂಡು ಇದೇ ಬೀದೀಲಿ ಹೊತ್ಕಂಡ್ ಹೋದ್ರಲ್ಲ, ಕೇಳ್ನಿಲ್ವಾ?"

ಕೇಳಿತ್ತು. ಆಗ ಅಂಬುಜಮ್ಮನ ತಲೆಯಲ್ಲಿ ಕುಣಿಗಲ್ ಇದ್ದುದರಿಂದ ತಮಟೆಗೆ ಜಾಗವಿರಲಿಲ್ಲ.

"ಕಾಸೂ ಎರಚವ್ರೆ," ಎಂದು ನಿಂಗಮ್ಮ ಹಣೆ ಚಚ್ಚಿಕೊಂಡಳು. "ಹೊಸ ನಯಾಪೈಸೆ, ಪಳಪಳಾ ಅಂತ ಬಿದ್ದಿದ್ವು. ಅದ ಬುಟ್ಟು ಬರೀ ಹೂವ ಹಿಡ್ಕಂಡ್ ಬಂದವೆ ನಿಮ್ ಮಕ್ಳು! ಹೆಂಗುಸ್ರು ಮಕ್ಳು ಮುಂದುಕ್ ಬರಬ್ಯಾಡಿ ಅಂತ ಅರ್ಧ ದಾರೀಲಿ ತಿರುಗ್ಸವ್ರೆ. ಈ ಕೂಸು ಮನೇಗೂ ಹೋಗ್ದಂಗೆ ಸೀದಾ ಇಲ್ಲಿಗೆ ಬಂದೈತೆ."

ರೇವ ತಲೆಯೆತ್ತಲಿಲ್ಲ. ಉಳಿದ ಒಂದು ಹೂವನ್ನು ಅಂಗೈಯಲ್ಲಿಟ್ಟು ಉಫ್ ಎಂದು ಪುರಿ ಊದುತ್ತಿದ್ದಳು.

ಅಂಬುಜಮ್ಮನ ಕೈ ಕಡ್ಡಿಗಳ ಕಡೆ ಹೋಯಿತು. ಬಾಳೆನಾರು ಅಷ್ಟು ಚೆನ್ನಾಗಿ ಅವಳು ಜನ್ಮದಲ್ಲಿ ಬಿಗಿದಿರಲಿಲ್ಲ. ಭೀಮ ಬಂದರೂ ಬಿಚ್ಚುವಂತಿರಲಿಲ್ಲ. ಹೊರಗೆ ಕಾರು ಹಾರನ್ ಹೊಡೆಯಿತು.

ಅಲಮೇಲಮ್ಮ ಇಳಿದಾಗ ಕಾರು ಒಂದು ಗೇಣು ಮೇಲಕ್ಕೆದ್ದು ಉಸಿರುಬಿಟ್ಟಿತು. ಸೆರಗು ಬಾಗಿಲಿಗೆ ತಗುಲದಂತೆ ಹಿಡಿದು ಒಳಗೆ ಬಂದವರು, ಮುಖ ಸಿಂಡರಿಸಲು ಸಿದ್ಧಮಾಡಿಕೊಂಡೇ ಬಂದಿದ್ದರು. ಆದರೆ ಬಿಸಿಲು ಆಗಷ್ಟೆ ಕಿಟಕಿಗೆ ಬಂದಿತ್ತು. ನೆಲದ ಮೇಲೆ, ಚಾಪೆಯ ಮೇಲೆ, ಮಕ್ಕಳ ಬೆನ್ನಿನ ಮೇಲೆ ಹೂವಿನ ನೆರಳು ಬಿದ್ದು, ಎಣ್ಣೆ ಗಾಣದ ಹಿಂದಿನ ಕೋಣೆ ಇಂದ್ರನ ಓಲಗಕ್ಕಿಂತ ಎರಡು ಪಾಲು ಹೆಚ್ಚೇ ಕಾಣುತ್ತಿತ್ತು.

"ಏನ್ರೀ ಅಂಬುಜಮ್ಮ, ಇದು ಈ ಚಿಳ್ಳೆಪಿಳ್ಳೆಗಳು ಮಾಡಿದ್ದೇ?"

"ಹೌದಮ್ಮ."

"ಕುಣಿಗಲ್‌ನಲ್ಲಿ ನಾಲ್ಕು ಕಿಟಕಿ ತೋರಿಸಿದ್ರು ನಂಗೆ. ನಾಲ್ಕರಲ್ಲೂ ಜೇಡ." ಅಲಮೇಲಮ್ಮ ಕಿಟಕಿಯ ಹತ್ತಿರ ಹೋದರು. "ಇಲ್ಲೇ ಇರಲಿ ಬಿಡಿ ಶಿಶುವಿಹಾರ. ಮಂಡಳಿಯವರಿಗೆ ನಾನು ಹೇಳ್ತೀನಿ. ಆಹಾ, ಎಂಥ ಸೇವಂತಿಗೆ ರೀ! ತುಮಕೂರಲ್ಲಿ ಇಷ್ಟು ದಪ್ಪದ್ದು ಬರೋದೇ ಇಲ್ಲ." ಎಂದವರೇ ರೇವಳ ಕಡ್ಡಿಯಿಂದ ಎಲ್ಲಕ್ಕಿಂತ ದೊಡ್ಡ ಹೂವನ್ನು ಕಿತ್ತುಕೊಂಡರು.

"ಅದು ನಮ್ಮಜ್ಜೀದು," ಎಂದಳು ರೇವ.

"ಹೌದೇನೇ? ಒಳ್ಳೆ ಕೈ ಕಣೇ ನಿಮ್ಮಜ್ಜೀದು. ಎಲ್ಲಿದಾಳೆ, ಕರಿ, ನೋಡೋಣ."

"ಹೊಂಟೋದ್ಳು."

"ಎಲ್ಲಿಗೆ?"

"ಎಲ್ಲಾರೂ ಹೊತ್ಕಂಡು..."

"ಕುಣಿಗಲ್‌ಗೆ!" ಎಂದುಬಿಟ್ಟಳು ಅಂಬುಜಮ್ಮ. ಬಾಯಿಗೆ ಆ ಹೊತ್ತಿನಲ್ಲಿ ಬೇರೆ ಊರೇ ಬರಲಿಲ್ಲ. "ಕುಣಿಗಲ್‌ಗೆ ಹೋಗಿದಾಳಮ್ಮ, ಇವಳಜ್ಜಿ. ಬಸ್ಸಲ್ಲಿ."

"ಅದೇನಿದೆಯೋ ಆ ಊರಲ್ಲಿ, ಎಲ್ಲರೂ ಅಲ್ಲಿಗೇ ಹೊರಡ್ತಾರೆ," ಎಂದು ಅಲಮೇಲಮ್ಮ ನಕ್ಕು, ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡರು. ಅದು ಜಾರಿತು. ಮತ್ತೆ ಸಿಕ್ಕಿಸಿದರು, ಮತ್ತೆ ಜಾರಿತು.

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗುವಂತಿರಲಿಲ್ಲ. ನಿಂಗಮ್ಮ ಅಂಬುಜಮ್ಮನನ್ನೇ ನೋಡುತ್ತಿದ್ದಳು. ಅಂಬುಜಮ್ಮ ಬಾಯಿ ತೆರೆದಳು. ಕೈ ತನ್ನ ತಲೆಗೆ ಹೋಯಿತು.

"ಪಿನ್ ಕೊಡ್ಲಾ ಅಮ್ಮ?"

ನಿಂಗಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಸತ್ತವಳ ಮೇಲಿನ ಹೂವು ಮುತ್ತೈದೆಯ ತುರುಬಿನಲ್ಲಿ ಭದ್ರವಾಗಿ ಕೂತು, ಕಾಫಿ ಕುಡಿದು, ಮಕ್ಕಳ ತಲೆ ಸವರಿ, ಕಾರು ಹತ್ತಿ ತುಮಕೂರಿಗೆ ಹೋಯಿತು.

ಕಾರಿನ ಧೂಳು ಅಡಗಿದ ಮೇಲೆ ರೇವ ಬಂದು ಸೀರೆಯ ನೆರಿಗೆ ಹಿಡಿದಳು. "ಕುಣಿಗಲ್‌ಗ್ ಹೋಗವ್ಳಾ ಮೇಡಂ, ನಮ್ಮಜ್ಜಿ?"

ಅಂಬುಜಮ್ಮ ಕಾಫಿ ಲೋಟ ತೊಳೆಯುತ್ತಿದ್ದಳು. "ಹೂಂ ಕಣೇ," ಎಂದಳು.

ಅಂದಿನಿಂದ ಅಂಬುಜಮ್ಮನಿಗೆ ಪಟ್ಟಾಭಿರಾಮಯ್ಯನವರ ಚಿಂತೆ ಹತ್ತಿತು. ಅಂಥ ಹೂವು ಮುಡಿದ ತಲೆಯ ಕುಂಕುಮ ಎಷ್ಟು ದಿನ ಉಳಿದೀತು? ತುಮಕೂರಿನಿಂದ ನಾಯಿ ಬಂದರೂ ಬಿಡದೆ ವಕೀಲರ ಆರೋಗ್ಯ ವಿಚಾರಿಸಿದಳು. ಅವರಿಗೊಮ್ಮೆ ನೆಗಡಿಯಾದ ಸುದ್ದಿ, ಅವರು ಸೀನುವ ಮೊದಲೇ ಗುಬ್ಬಿಗೆ ಬಂದಿತ್ತು. ಸೋಮವಾರ ಒಪ್ಪತ್ತು ಶುರುಮಾಡಿದಳು.

"ನನ್ ಉಬ್ಬಸಕ್ಕೆ ಒಂದು ಹೊತ್ತು ಊಟ ಬಿಟ್ಟೋಳಲ್ಲ," ಎಂದ ಸುಬ್ಬಕೃಷ್ಣ, ಕೆಮ್ಮಿನ ಸಂದಿನಲ್ಲಿ ಮಾತು ತೂರಿಸಿ. "ಯಾವನೋ ಲಾಯರಿಗೋಸ್ಕರ ಉಪವಾಸ ಕೂತಿದೀಯಲ್ಲೇ. ಏನು ಸಮಾಚಾರ?"

"ಸುಮ್ನೆ ಮಲಕ್ಕೊಳ್ಳಿ. ನಿಮಗೇನಾಗಿದೆ, ಕಲ್ಲಿದ್ದಂಗಿದೀರಿ."

ವಕೀಲರು ಸಾಯುವ ಲಕ್ಷಣ ಕಾಣಿಸಲಿಲ್ಲ. ಆದರೆ ರೇವ ದಿನಾ ಮಧ್ಯಾಹ್ನ ಕಿಟಕಿಯ ಕೆಳಗೆ ಸ್ಟೂಲು ಎಳೆದುಕೊಂಡು ಹತ್ತಿ ನಿಲ್ಲತೊಡಗಿದಳು. ಕುಣಿಗಲ್ ಬಸ್ಸು ಆ ಬೀದಿಯಲ್ಲೇ ಬರುತ್ತಿತ್ತು. ಬಂದು, ನಿಂತು, ಇಳಿಯುವವರನ್ನೆಲ್ಲ ಇಳಿಸಿ, ಹೋದಮೇಲೆ ಅವಳು ಇಳಿದು ಸ್ಟೂಲನ್ನು ಅದರ ಜಾಗಕ್ಕೆ ಎಳೆದಿಡುತ್ತಿದ್ದಳು.

"ಹೇಳ್ಬುಡಿ ಅಮ್ಮಾವ್ರೆ," ಎಂದಳು ನಿಂಗಮ್ಮ. "ಮನೇಲಿ ಅವರವ್ವ ದೇವ್ರ ತಾವ ಹೋದ್ಳು ಕಣವ್ವ ಅಂದ್ರೆ, ಈ ಕೂಸು ಇಲ್ಲ, ಮೇಡಂ ಹೇಳವ್ರೆ, ಕುಣಿಗಲ್‌ಗೆ ಅಂತದಂತೆ. ನಿಮ್ ಮಾತ್ ಮುಂದೆ ದೇವ್ರ ಮಾತೂ ನಡೀನಿಲ್ಲ."

"ನಾಳೆ ಹೇಳ್ತೀನಿ ಕಣೇ."

ಅವಳು ನಾಳೆ ನಾಳೆ ಎನ್ನುತ್ತಿರುವಾಗಲೇ ಕಾರ್ತಿಕ ಮುಗಿದು, ಚಳಿ ಬಂದು, ಅವರೆಕಾಯಿ ಸೊಗಡಿಗೆ ಊರೆಲ್ಲ ಮತ್ತು ಬಂದಂತಾಗಿ, ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಹಂಚಲು ಅಲಮೇಲಮ್ಮ ಈ ಸಲ ಗಂಡನನ್ನೂ ಕರೆತಂದರು. ಪಟ್ಟಾಭಿರಾಮಯ್ಯನವರು ಬಾಗಿಲಲ್ಲಿ ನಿಂತಾಗ ಕೋಣೆ ಕತ್ತಲಾಯಿತು. ಆ ಎದೆಯಿಂದ ಅಂಥ ಇಬ್ಬರು ವಕೀಲರನ್ನು ಮಾಡಿ ಇನ್ನೂ ಒಬ್ಬ ಗುಮಾಸ್ತನಿಗಾಗುವಷ್ಟು ಉಳಿಸಬಹುದಿತ್ತು. ಅಂಬುಜಮ್ಮ ಅವರ ಉಗುರಿನ ಬಣ್ಣ ನೋಡಿದಳು, ಕಣ್ಣಿನ ಬಣ್ಣ ನೋಡಿದಳು, ಅವರು ಎಳ್ಳು ಬೆಲ್ಲ ಅಗಿಯುವ ಸದ್ದು ಕೇಳಿದಳು.

ಮಕ್ಕಳು ಕನಕಾಂಬರ, ಅವರೆ ಹೂವು ಪೋಣಿಸುತ್ತಿದ್ದವು. ಈ ಹೂವನ್ನೆಲ್ಲ ನಿಂಗಮ್ಮನೇ ಗಿಡದಿಂದ ಬಿಡಿಸಿ ತಂದಿದ್ದಳು. ವಕೀಲರಿಗೆ ಹುರುಪು ಬಂತು.

"ಕೊಡ್ರೋ ಇಲ್ಲಿ, ನಾನು ಕಟ್ತೀನಿ," ಎಂದು ಪಂಚೆ ಎತ್ತಿಕಟ್ಟಿ ಸ್ಟೂಲು ಹತ್ತಿಯೇಬಿಟ್ಟರು. ಸ್ಟೂಲು ನರಳಿತು. ಅಂಬುಜಮ್ಮ ಎಲ್ಲಿದ್ದಳೋ, ಹಾರಿ ಬಂದು ನೆಲಕ್ಕೆ ಕೂತು ಅದರ ಕಾಲುಗಳನ್ನು ಎರಡೂ ತೋಳಿನಿಂದ ತಬ್ಬಿಕೊಂಡಳು.

"ಏನ್ರೀ ಇದು, ಬಿಡಿ! ನಮ್ಮವರೇನು ಬೀಳೋಲ್ಲ," ಎಂದರು ಅಲಮೇಲಮ್ಮ.

"ಇರಲಿ ಅಮ್ಮ, ಇರಲಿ."

ಮೇಲಿನ ಸಾಲುಗಳಾದವು, ಕೆಳಗಿನವೂ ಆದವು. ನಡುವಿನದೊಂದು ಉಳಿಯಿತು. ವಕೀಲರು ಕೊನೆಯ ಕಡ್ಡಿಗೆ ಕೈ ಚಾಚಿದರು.

"ತಾತ, ಅಲ್ಲಿಕ್ಕಬ್ಯಾಡ," ಎಂದಳು ರೇವ. "ಬಸ್ಸು ಕಾಣಾಕಿಲ್ಲ."

"ಯಾವ ಬಸ್ಸೇ ಪುಟ್ಟೀ?"

"ಕುಣಿಗಲ್ ಬಸ್ಸು. ನಮ್ಮಜ್ಜಿ ಬತ್ತಾಳೆ."

"ಅಯ್ಯೋ, ಇನ್ನೂ ಬಂದೇ ಇಲ್ವೇನೇ ನಿಮ್ಮಜ್ಜಿ?" ಎಂದು ಅಲಮೇಲಮ್ಮ ನಕ್ಕರು. ನಿಂಗಮ್ಮ ಎಳ್ಳು ಬೆಲ್ಲದ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

ವಕೀಲರು ಕಡ್ಡಿ ಹಿಡಿದುಕೊಂಡು ಕೆಳಗೆ ನೋಡಿದರು. "ಏನಮ್ಮಾ, ಕಟ್ಟಲೋ, ಬಿಡಲೋ?"

ಅಂಬುಜಮ್ಮನಿಗೆ ಅವರ ಪಾದ ಮಾತ್ರ ಕಾಣುತ್ತಿತ್ತು.

"ಅಲ್ಲಿ ಕಟ್ಟಬೇಡಿ," ಎಂದಳು.

ವಕೀಲರು ಇಳಿದರು. ಅವರು ಇಳಿದ ಕೂಡಲೇ ರೇವ ಹತ್ತಿದಳು. ಹೂವಿಲ್ಲದ ಆ ಸಂದಿಗೆ ಹಣೆ ಒತ್ತಿ ನಿಂತಳು. ದೂರದಲ್ಲಿ ಬಸ್ಸಿನ ಸದ್ದಾಯಿತು. ಹತ್ತಿರ ಬಂತು, ನಿಂತಿತು, ಯಾರೋ ಇಳಿದರು, ಮತ್ತೆ ಹೊರಟಿತು. ಸಂದಿನಿಂದ ಧೂಳು ಒಳಗೆ ಬಂದು ಕನಕಾಂಬರದ ಮೇಲೆ ನಿಧಾನವಾಗಿ ಕೂತಿತು. ಹುಡುಗಿಯ ಭಾರಕ್ಕೆ ಸ್ಟೂಲು ಅಲುಗುವಂತಿರಲಿಲ್ಲ. ಅಂಬುಜಮ್ಮ ಅದರ ಕಾಲುಗಳನ್ನು ಹಿಡಿದುಕೊಂಡೇ ಇದ್ದಳು.