ಭಾವ ಕಟ್ಟಿದ ಲಾಗಿನ್

ನಮ್ಮ ಭಾವನಿಗೆ ಬಾರದ ವಿದ್ಯೆ ಇಲ್ಲ. ಮನೆಯ ಮಿಕ್ಸಿಯನ್ನು ರಿಪೇರಿ ಮಾಡಿ ಶಾಶ್ವತವಾಗಿ ಮಲಗಿಸಿದವರೂ ಅವರೇ. ನನ್ನ ಹೊಲಿಗೆ ಅಂಗಡಿಗೆ ವೆಬ್‌ಸೈಟ್ ಬೇಕು ಎಂದಾಗ ಅಕ್ಕ ಬೇರೆಯವರ ಮಾತೆತ್ತಲೂ ಬಿಡಲಿಲ್ಲ.

"ಮನೇಲೇ ಇವರನ್ನ ಇಟ್ಕೊಂಡು ಹೊರಗಿನವರನ್ನ ಕೇಳ್ತೀಯೇನೇ?"

ನಾಟಕ ಕಂಪನಿಯೊಂದರ ಯಜಮಾನಿ ಎರಡು ವರ್ಷದ ಉಡುಪುಗಳ ಹೊಲಿಗೆಯನ್ನೆಲ್ಲ ನನಗೇ ಕೊಡುವ ಮನಸ್ಸು ಮಾಡಿದ್ದರು. ಮೊದಲು ಮಾದರಿಗಳ ಚಿತ್ರ ನೋಡಬೇಕು, ಬೇರೆ ಗಿರಾಕಿಗಳ ಕಣ್ಣಿಗೆ ಅವು ಬೀಳಬಾರದು ಎಂದಿದ್ದರು. ಹಾಗಾಗಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪಾಸ್‌ವರ್ಡ್ ಬೇಕಾಯಿತು. ಆ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತಿತ್ತು. ಇಲ್ಲದಿದ್ದರೆ ಯಂತ್ರ ಮಾರಿ ಮನೆಗೆ ಹೋಗುವುದೇ.

"ಪಾಸ್‌ವರ್ಡ್ ಇಡೋಕೆ ಡೇಟಾಬೇಸ್ ಬೇಕಲ್ವಾ ಭಾವ?" ಎಂದೆ. ಎಲ್ಲೋ ಓದಿದ್ದೆ, ನನ್ನದೇ ತಪ್ಪು.

"ಬೆರಳೆಣಿಕೆ ಗಿರಾಕಿಗಳಿಗೆ ಡೇಟಾಬೇಸಾ? ಪುಟದೊಳಗೇ ಬರೆದುಬಿಡ್ತೀನಿ. ನೀನು ಗುಂಡಿ ಹೊಲಿ, ಇದರಲ್ಲಿ ತಲೆ ಹಾಕ್ಬೇಡ."

ಹಾಕಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಲಾಗಿನ್ ಸಿದ್ಧವಾಯಿತು. ತಪ್ಪು ಪಾಸ್‌ವರ್ಡ್ ಕೊಟ್ಟರೆ ಪುಟ ಕೆಂಪಗಾಗಿ ಗದರುತ್ತಿತ್ತು. ಅಕ್ಕ ಗಂಡನನ್ನು ನೋಡಿದ್ದನ್ನು ನೀವು ನೋಡಬೇಕಿತ್ತು, ರಾಕೆಟ್ ಹಾರಿಸಿದವರಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು.

ಸೋಮವಾರ ಯಜಮಾನಿ ಅಂಗಡಿಗೆ ಬಂದರು. ಕುರ್ಚಿ ಎಳೆದರೂ ಕೂರಲಿಲ್ಲ.

"ಚಿತ್ರಗಳು ಚೆನ್ನಾಗಿವೆ. ನನಗೆ ಪಾಸ್‌ವರ್ಡ್ ಮರೆತುಹೋಗಿತ್ತು. ನಮ್ಮ ಲೆಕ್ಕದವರು ಪುಟದ ಮೇಲೆ ಏನೋ ಒತ್ತಿದ್ರು, ಒಳಗೆ ಬರೆದಿದ್ದೆಲ್ಲ ಕಾಣಿಸ್ತು. ಎಲ್ಲರ ಹೆಸರು, ಎಲ್ಲರ ಪಾಸ್‌ವರ್ಡ್."

ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅದರ ಪಕ್ಕದಲ್ಲೇ ತೂಗುಹಾಕಿದ್ದರು ನಮ್ಮ ಮಹಾನುಭಾವರು.

"ಅದು ಹೋಗ್ಲಿ, ಇದನ್ನ ನೋಡಿ" ಎಂದು ಫೋನನ್ನು ನನ್ನ ಮುಂದೆ ಹಿಡಿದರು.

ಭಾವ ಶಿಸ್ತಿನ ಮನುಷ್ಯ. ತಮಗೆ ನೆನಪಿರಲೆಂದು ಪ್ರತಿ ಹೆಸರಿನ ಪಕ್ಕ ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಯಜಮಾನಿಯ ಪಕ್ಕ 'ಚೌಕಾಸಿಯಲ್ಲಿ ಎತ್ತಿದ ಕೈ' ಎಂದಿತ್ತು. ಅದಕ್ಕೆ ಅವರೇ ನಕ್ಕರು. ಅಂಗಡಿಯವಳಾದ ನನಗೂ ಒಂದು ಸಾಲಿತ್ತು: 'ಅಂಗಡಿ ಈ ವರ್ಷ ದಾಟಲ್ಲ ಅಂತ ನಮ್ಮವಳ ಹತ್ತಿರ ಅತ್ತಿದ್ದಾಳೆ. ಡೇಟಾಬೇಸ್ ದಂಡ.'

"ಇದು ನಿಜಾನಾ?"

ನಾನು ಬಾಯಿ ಜೋರು ಎಂದು ಬೀದಿಗೆಲ್ಲ ಹೆಸರಾದವಳು. ಅವತ್ತು ಅಳತೆ ಟೇಪು ಸುತ್ತುತ್ತಾ ನಿಂತೆ.

"ಎರಡು ವರ್ಷದ ಕೆಲಸ ಇದು. ನೀವು ಅರ್ಧಕ್ಕೆ ನಿಲ್ಲಿಸಿದ್ರೆ ನಮ್ಮ ನಟರು ಏನು ಹಾಕ್ಕೊಳ್ಳಲಿ? ಬೇಜಾರು ಮಾಡ್ಕೋಬೇಡಿ" ಎಂದು ಹೊರಟುಹೋದರು.

ಫೋನ್ ಮಾಡಿ ನಡೆದದ್ದನ್ನು ಹೇಳಿದರೆ ಭಾವ ಸಮಾಧಾನ ಹೇಳಿದರು. "ಟಿಪ್ಪಣಿಯಿಂದ ಏನೂ ತೊಂದರೆ ಇಲ್ಲ. ಕಂಪ್ಯೂಟರ್ ಅದನ್ನ ಓದೋದೇ ಇಲ್ಲ." ಪುಣ್ಯಾತ್ಮ, ಓದಿದ್ದು ಮನುಷ್ಯರು.

ಆದರೂ ಸಿಟ್ಟೆಲ್ಲ ಅವರ ಮೇಲೆ ಹೋಗಲಿಲ್ಲ. ಆ ಮಾತನ್ನು ನಾನು ಅಕ್ಕನ ಹತ್ತಿರ ಮಾತ್ರ, ಅವಳ ಮಡಿಲಲ್ಲಿ ತಲೆಯಿಟ್ಟು ಹೇಳಿಕೊಂಡಿದ್ದೆ.

ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. "ಹಲೋ" ಎಂದೆ. "ಯಾಕೇ ದನಿ ಒಂಥರಾ ಇದೆ? ಏನಾಯ್ತು? ನನ್ನ ಹತ್ತಿರ ಹೇಳ್ಕೊಳ್ಳೇ."

"ಏನಿಲ್ಲಕ್ಕ, ಶೀತ" ಎಂದೆ.