ಒಂಟಿಕಾಲಿನ ಸೆಕೆಂಡುಗಳು

ಚೈತ್ರಾ ಸ್ನೇಹಾಳ ಹೆಗಲು ತಟ್ಟಿದಳು. ಕಿವಿ ಕೇಳದ ಹುಡುಗಿ, ಕಣ್ಣನ್ನೂ ಮುಚ್ಚಿದ್ದಳು. ತಟ್ಟಿದ್ದೇ ಅವಳಿಗೆ ಅಪ್ಪಣೆ. ಒಂದು ಕಾಲೆತ್ತಿ ನಿಂತಳು. ಚೈತ್ರಾಳ ಕೈಯಲ್ಲೊಂದು ಸ್ಟಾಪ್‌ವಾಚು, ಶಾಲೆಯ ಹಾಲ್‌ನ ಆಚೆ ಬದಿಯಲ್ಲಿ ಡ್ರಿಲ್ ಮಾಸ್ತರ್ ವಾಮದೇವಪ್ಪನ ಕೈಯಲ್ಲೊಂದು. ಎತ್ತಿದ ಕಾಲು ನೆಲಕ್ಕೆ ತಾಗಿದಾಗ ಇಬ್ಬರೂ ವಾಚು ಒತ್ತಿ ನಿಲ್ಲಿಸಬೇಕು. ಒಬ್ಬರ ಅಂಕಿ ಇನ್ನೊಬ್ಬರು ನೋಡುವ ಹಾಗಿಲ್ಲ. ಇಬ್ಬರದೂ ತಾಳೆಯಾದರೆ ಮಾತ್ರ ಆ ಅಳತೆಯನ್ನು ನಂಬಬಹುದು.

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದ ಚೈತ್ರಾ, ಮಕ್ಕಳ ಸಮತೋಲನ ಅಳೆಯಲು ಹರಿಹರದ ಈ ಶಾಲೆಯನ್ನೇ ಬೇಕೆಂದು ಆರಿಸಿದ್ದಳು. ಎರಡನೆಯ ವಾಚಿಗೆ ವಾಮದೇವಪ್ಪನೇ ಆಗಬೇಕೆಂದು ಹೆಡ್‌ಮೇಡಂ ನಿರ್ಮಲಮ್ಮನವರನ್ನು ಕೇಳಿದವಳೂ ಅವಳೇ. ಹದಿನೈದು ವರ್ಷದ ಹಿಂದೆ ಇಲ್ಲಿಯೇ, ಕಿವಿ ಕೇಳದ ತಮ್ಮ ಮಾರುತಿ ಸುಣ್ಣದ ಗೆರೆಯ ಮೇಲೆ ನಡೆಯಲಾರದೆ ಬಿದ್ದಾಗ, ಈ ಮನುಷ್ಯ ಅವನನ್ನು ಕುಡುಕ ಎಂದು ಕರೆದು ಮೊಣಕಾಲಿಗೆ ಬೆತ್ತ ಬೀಸಿದ್ದ. ಇಡೀ ಶಾಲೆ ನಕ್ಕಿತ್ತು. ಕಿವಿಯ ಜೊತೆ ಸಮತೋಲನವೂ ಕೆಡಬಹುದೆಂದು ಆಗ ಯಾರಿಗೆ ಗೊತ್ತಿತ್ತು? ಮಾರುತಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈಗ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಬೇಯುತ್ತಾನೆ. ಚೈತ್ರಾಳ ಸಿಟ್ಟು ಒಂದು ದಿನವೂ ಆರಿರಲಿಲ್ಲ.

"ನಮ್ಮ ಮಾರುತಿ ನೆನಪದಾನೇನ್ರಿ ಸರ್?" ಎಂದು ಬೆಳಿಗ್ಗೆ ಕೇಳಿದ್ದಳು.

"ಯಾವ ಮಾರುತಿನವ್ವ? ಸಾವಿರ ಹುಡುಗ್ರು ಹೋದ್ರು ನನ್ನ ಕೈಕೆಳಗೆ."

ಮಧ್ಯಾಹ್ನ ನಿರ್ಮಲಮ್ಮನವರ ಕೋಣೆಯಲ್ಲಿ ಎರಡೂ ಹಾಳೆ ಪಕ್ಕಪಕ್ಕ ಇಟ್ಟರು. ಕಿವಿ ಕೇಳುವ ಮಕ್ಕಳ ಅಂಕಿಗಳು ಹೊಂದಿದವು. ಕೇಳದ ಮಕ್ಕಳದು ಒಂದೂ ಹೊಂದಲಿಲ್ಲ. ಸ್ನೇಹಾಳಿಗೆ ಚೈತ್ರಾ ಒಂಬತ್ತು ಸೆಕೆಂಡು ಬರೆದಿದ್ದರೆ ವಾಮದೇವಪ್ಪ ಐದು.

"ಏನ್ರಿ ಸರ್ ಇದು?" ಎಂದರು ನಿರ್ಮಲಮ್ಮ.

"ಓಲಾಡಿದ ಕೂಡ್ಲೇ ಒತ್ತಿದೆ ಮೇಡಂ. ಹೆಂಗೂ ಬೀಳೋವೇ ಅಲ್ಲೇನ್ರಿ ಅವು?"

ಚೈತ್ರಾಳ ಹೊಟ್ಟೆ ತಣ್ಣಗಾಯಿತು. ಈ ಮಾತಿಗಾಗಿಯೇ ಅವಳು ಬಂದದ್ದು. "ಕೇಳೋ ಮಕ್ಕಳೂ ಓಲಾಡಿದ್ವಲ್ರಿ, ಅವಕ್ಕೆ ಯಾಕ ಕಾದ್ರಿ? ಮೇಡಂ, ಇದನ್ನ ಮೇಲಿನ ಆಫೀಸಿಗೆ ಬರೀರಿ."

ನಿವೃತ್ತಿಗೆ ಆರು ತಿಂಗಳಿದ್ದ ವಾಮದೇವಪ್ಪನ ಮುಖ ಕಪ್ಪಿಟ್ಟಿತು. "ನಿಂದೇ ಸರಿ ಅಂತ ಏನು ಗ್ಯಾರಂಟಿ?"

"ವಿಡಿಯೋ ಐತೆ." ಅವನು ನುಣುಚಿಕೊಳ್ಳದಿರಲೆಂದೇ ಹಾಲ್‌ನ ಮೂಲೆಯಲ್ಲಿ ಮೊಬೈಲ್ ಇಟ್ಟಿದ್ದಳು. ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದಳು.

ಸ್ನೇಹಾಳ ಕಾಲು ನೆಲಕ್ಕೆ ತಾಗಿದ್ದು ಏಳನೆಯ ಸೆಕೆಂಡಿಗೆ.

ಇನ್ನೊಂದು ಮಗುವಿನದು ನೋಡಿದರು. ವಾಮದೇವಪ್ಪ ಬರೆದದ್ದು ಆರು, ಚೈತ್ರಾ ಬರೆದದ್ದು ಹನ್ನೊಂದು, ವಿಡಿಯೋದಲ್ಲಿ ಎಂಟು. ಮೂರನೆಯದೂ ಹಾಗೆಯೇ. ಚೈತ್ರಾ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಕೇಳದ ಮಕ್ಕಳ ಕಾಲು ನೆಲಕ್ಕೆ ತಾಗಿದ ಮೇಲೂ ಅದು ಒತ್ತದೆ ಕಾಯುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ವಾಮದೇವಪ್ಪನಿಗೆ ಜೀವ ಬಂತು. "ಇಬ್ರದ್ದೂ ತಪ್ಪೈತೆ. ಮುಚ್ಚಿಬಿಡವ್ವ ಅದನ್ನ. ಹೊರಗೆ ಹೇಳೋದು ಬ್ಯಾಡ."

ಮುಚ್ಚಿದರೆ ಅವಳ ಕೈತಪ್ಪು ಕಾಲೇಜಿಗೆ ತಿಳಿಯದೆ, ಈ ಅಳತೆಗಾಗಿ ಮಾಡಿದ ಒಂದು ವರ್ಷದ ದುಡಿಮೆ ಉಳಿಯುತ್ತಿತ್ತು. ಚೈತ್ರಾ ಹೊಸ ಹಾಳೆ ತೆಗೆದು ಮೂರು ಕಾಲಂ ಎಳೆದಳು: ಅವನದು, ತನ್ನದು, ವಿಡಿಯೋದ್ದು. ಒಂದೊಂದೇ ಮಗುವಿನ ಅಂಕಿ ಇಳಿಸಿ, ಕೆಳಗೆ ಮೊದಲು ತಾನೇ ಸಹಿ ಹಾಕಿದಳು.

"ಸಹಿ ಮಾಡ್ರಿ ಸರ್."

"ನಿನ್ನ ಓದು ಹಾಳಾಗ್ತೈತೆ, ಹುಚ್ಚೀ!"

"ಆಗ್ಲಿ. ನಿಮ್ಮ ನೌಕರೀನೂ ಜೊತೆಗೆ ಹೋಗ್ಲಿ."

ವಿಡಿಯೋ ಅವಳ ಕೈಯಲ್ಲಿತ್ತು; ಅವನು ಪೆನ್ನು ಹಿಡಿದ. ಚೈತ್ರಾ ಸಹಿಯ ಜಾಗದ ಪಕ್ಕ ಬೆರಳಿಟ್ಟಳು. ಅವನು ಕೊನೆಯ ಅಕ್ಷರ ಬರೆದು ಮುಗಿಸುವ ತನಕ ತೆಗೆಯಲಿಲ್ಲ.